300 ಅಡಿ ಈಶಾನ್ಯಕ್ಕೆ

"ಅಮ್ಮ, ಈ ಶನಿವಾರ ಭಾನುವಾರ ಎಲ್ಲಿಗೆ ಹೋಗೋಣ ಹೇಳು" ಅಂತ ಮಗಳು ಕೇಳಿದಾಗ ನಾನು ತಡಮಾಡದೆ "ಮಿಲ್ವಾಕೀ" ಅಂದೆ. ಅವಳು ನನ್ನ ಮುಖ ನೋಡಿದಳು. ಶಿಕಾಗೋಗೆ ಬಂದ ಅವಳ ಸ್ನೇಹಿತರ ಅಪ್ಪ ಅಮ್ಮಂದಿರೆಲ್ಲ ನಯಾಗರ ಕೇಳುತ್ತಾರಂತೆ. "ಮಿಲ್ವಾಕೀಯಲ್ಲಿ ಏನಿದೆಯಮ್ಮ?" ಅಂದಳು. "ನಿನ್ನ ಸ್ಕೂಲ್ ಫೀಸ್ ಅಲ್ಲಿಂದಲೇ ಬಂದಿದ್ದು" ಅಂದೆ.

ಸುಳ್ಳೇನಲ್ಲ. ನಾನು ಹಾಸನದ ಕೋರ್ಟಿನಲ್ಲಿ 31 ವರ್ಷ ಟೈಪಿಸ್ಟ್ ಆಗಿದ್ದವಳು. ಅದಕ್ಕೂ ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಮ್ಮ ಮೇಷ್ಟ್ರು ಸ್ಕೇಲು ಹಿಡಿದು ಓಡಾಡುತ್ತಾ ಎಲ್ಲರ ಕೈಲೂ ಒಂದು ಪಾಠ ಬಾಯಿಪಾಠ ಮಾಡಿಸುತ್ತಿದ್ದರು. ಟೈಪ್‌ರೈಟರ್ ಕಂಡುಹಿಡಿದವರು ಯಾರು? ಶೋಲ್ಸ್. ಯಾವ ಊರು? ಮಿಲ್ವಾಕೀ. ಆಗ ನಮಗೆ ಅದು ಯಾವ ದೇಶದಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಹೆಸರು ಮಾತ್ರ ಎ ಎಸ್ ಡಿ ಎಫ್ ಜಿ ಎಫ್ ಜೊತೆ ತಲೆಯಲ್ಲಿ ಕೂತುಬಿಟ್ಟಿತ್ತು.

ಶಿಕಾಗೋದಿಂದ ರೈಲಿನಲ್ಲಿ ಒಂದೂವರೆ ಗಂಟೆ, ಅಷ್ಟೇ. ಹಾಸನದಿಂದ ಮೈಸೂರಿಗೆ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಅಕ್ಟೋಬರ್ ಮೊದಲ ವಾರ, ಬಿಸಿಲಿತ್ತು, ಆದರೆ ಸ್ವೆಟರ್ ಬಿಚ್ಚುವ ಹಾಗಿರಲಿಲ್ಲ. ಸ್ಟೇಷನ್ನಿನಿಂದ ಹೊರಗೆ ಬಂದರೆ ಟ್ರಾಮ್ ನಿಂತಿತ್ತು. ಇದಕ್ಕೆ ಟಿಕೆಟ್ಟೇ ಇಲ್ಲ, ಹತ್ತಿ ಕೂತರೆ ಆಯ್ತು. ನನ್ನ ಬಲ ಮಂಡಿ ನೋಡಿ ಮಗಳು "ಹತ್ತು" ಅಂದಳು. ನಾನು ಒಪ್ಪಲಿಲ್ಲ. ಊರು ನೋಡಬೇಕಾದರೆ ನಡೆದೇ ನೋಡಬೇಕು. ಬಸ್ಸಿನಲ್ಲಿ ಕೂತು ನೋಡಿದ ಊರು ಎರಡು ದಿನಕ್ಕೆ ಮರೆತುಹೋಗುತ್ತದೆ.

ಸ್ವಲ್ಪ ದೂರ ನಡೆದು ನದಿ ದಾಟಿದರೆ ಪಬ್ಲಿಕ್ ಮಾರ್ಕೆಟ್. ಅಲ್ಲಿ "ಕರ್ಡ್ಸ್" ಅಂತ ಬೋರ್ಡ್ ಕಂಡು ನನಗೆ ಖುಷಿಯಾಯಿತು. ಪರವಾಗಿಲ್ಲ, ಮೊಸರು ಸಿಗುತ್ತದೆ ಅಂದುಕೊಂಡೆ. ಅಂಗಡಿಯವಳು ಕೊಟ್ಟಿದ್ದು ಬಿಳಿ ಕಲ್ಲುಸಕ್ಕರೆ ತುಂಡಿನ ಹಾಗಿರುವ ಚೀಸ್ ಚೂರುಗಳು! ಹಾಲು ಒಡೆಸಿ ಚೀಸ್ ಮಾಡುವಾಗ, ಅಚ್ಚಿಗೆ ಒತ್ತುವ ಮೊದಲೇ ತೆಗೆದಿಟ್ಟ ಚೂರುಗಳಂತೆ. ಹಲ್ಲಿಗೆ ಸಿಕ್ಕರೆ ಕೀಚ್ ಕೀಚ್ ಅಂತ ಸದ್ದು ಮಾಡುತ್ತವೆ. ಹೊಸ ಚಪ್ಪಲಿ ಹಾಕಿಕೊಂಡು ಒದ್ದೆ ನೆಲದ ಮೇಲೆ ನಡೆದ ಹಾಗೆ. ಸದ್ದು ಬಂದರೆ ತಾಜಾ ಅಂತ ಅರ್ಥ, ಒಂದೆರಡು ದಿನ ಕಳೆದರೆ ಸದ್ದು ನಿಂತುಹೋಗುತ್ತದೆ. ಇದನ್ನೇ ಹಿಟ್ಟಿನಲ್ಲಿ ಅದ್ದಿ ಕರಿದೂ ಕೊಡುತ್ತಾರೆ. ಅದು ಚೀಸ್ ಬಜ್ಜಿ, ಬೇರೆ ಹೆಸರು ಬೇಡ. ಒಂದು ಪೊಟ್ಟಣ ಖಾಲಿ ಮಾಡಿದ ಮೇಲೆ ಮಧ್ಯಾಹ್ನದ ಊಟ ಬೇಕು ಅನ್ನಿಸಲೇ ಇಲ್ಲ.

ಈ ಊರಿಗೆ ಕ್ರೀಮ್ ಸಿಟಿ ಅಂತ ಅಡ್ಡಹೆಸರು. ಹಾಲು ಚೀಸಿನ ನಾಡಲ್ವಾ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ. ಅಲ್ಲ. ಇಲ್ಲಿನ ಜೇಡಿಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ. ಸುಟ್ಟರೆ ಇಟ್ಟಿಗೆ ಕೆಂಪಾಗದೆ ಕೆನೆ ಬಣ್ಣಕ್ಕೆ ತಿರುಗುತ್ತದೆ. ಹಳೇ ಗೋದಾಮುಗಳೆಲ್ಲ ಅದೇ ಇಟ್ಟಿಗೆಯವು. ಕೆಲವು ಕಟ್ಟಡಗಳಲ್ಲಿ ಹೊಗೆ, ಮಸಿ ಹಿಡಿದು ಕಂದು ಬಣ್ಣ ಬಂದಿದೆ, ಪಕ್ಕದ್ದನ್ನು ತೊಳೆದಿದ್ದಾರೆ. ಸ್ನಾನ ಮಾಡಿದ ಮಗು, ಮಾಡದ ಮಗು ಅಕ್ಕಪಕ್ಕ ನಿಂತ ಹಾಗೆ ಕಾಣುತ್ತದೆ.

ಮಾರ್ಕೆಟ್ಟಿನಿಂದ ಮೇಲಕ್ಕೆ ನದಿಯ ಪಕ್ಕದಲ್ಲೇ ನಡೆಯುವ ದಾರಿ ಇದೆ. ಹೋಗುತ್ತಾ ಗಂಟೆ ಹೊಡೆದ ಸದ್ದು ಕೇಳಿಸಿತು. ಗೇಟು ಬಿತ್ತು, ಕಾರುಗಳು ನಿಂತವು. ಎದುರಿಗಿದ್ದ ಸೇತುವೆಯ ರಸ್ತೆ ನಿಧಾನಕ್ಕೆ ಮೇಲೇಳತೊಡಗಿತು. ಬಿಳಿ ಗೆರೆ, ಫುಟ್‌ಪಾತು, ದೀಪದ ಕಂಬ ಎಲ್ಲ ಸಮೇತ! ಒಂದು ಪುಟ್ಟ ದೋಣಿ, ಮೇಲೆ ನಾಲ್ಕು ಜನ, ಒಂದು ನಾಯಿ. ಅದು ದಾಟಿತು. ರಸ್ತೆ ಮತ್ತೆ ಇಳಿದು ಕೂತಿತು. ಯಾರೂ ಹಾರನ್ ಹೊಡೆಯಲಿಲ್ಲ. ನಮ್ಮ ಕಡೆ ರೈಲ್ವೆ ಗೇಟಿನಲ್ಲಿ ಬೈಕಿನವರು ಬಗ್ಗಿ ನುಸುಳುವುದು ನೆನಪಾಗಿ ನಗು ಬಂತು.

ನನಗೆ ಕಂಡ ಇನ್ನೊಂದು ವಿಷಯ ಅಂದರೆ ಸೇತುವೆಗಳು ಓರೆ. ಎಲ್ಲವೂ ಅಲ್ಲ, ಆದರೆ ಹಲವು. ಈ ದಡದ ರಸ್ತೆಗೂ ಆ ದಡದ ರಸ್ತೆಗೂ ಸರಿಯಾಗಿ ಕೂಡುವುದೇ ಇಲ್ಲ. ಎಂಜಿನಿಯರ್ ತಪ್ಪು ಲೆಕ್ಕ ಹಾಕಿದನೇನೋ ಅಂತ ಮಗಳನ್ನು ಕೇಳಿದೆ. ಅವಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಕೇಳಿದರೆ ಶುದ್ಧ ಮೇಲ್ಕೇರಿ ಕೆಳಕೇರಿ ಜಗಳ!

ಮೊದಲು ಇದು ಒಂದೇ ಊರಾಗಿರಲಿಲ್ಲ. ನದಿಯ ಪೂರ್ವಕ್ಕೆ ಜುನೋ ಅನ್ನುವವನ ಊರು, ಪಶ್ಚಿಮಕ್ಕೆ ಕಿಲ್‌ಬೋರ್ನ್ ಅನ್ನುವವನ ಊರು, ದಕ್ಷಿಣಕ್ಕೆ ವಾಕರ್ ಅನ್ನುವವನದು. ಕಿಲ್‌ಬೋರ್ನನಿಗೆ ಆ ಕಡೆಯವರನ್ನು ಕಂಡರೆ ಆಗದು. ತನ್ನ ರಸ್ತೆಗಳು ಅವರ ರಸ್ತೆಗಳಿಗೆ ಸೇರಬಾರದು ಅಂತ ಬೇಕಂತಲೇ ಬೇರೆ ಗೆರೆಯಲ್ಲಿ ಹಾಕಿಸಿದ. ನಕ್ಷೆ ಅಚ್ಚು ಹಾಕಿಸಿದಾಗ ಪೂರ್ವದ ದಡವನ್ನು ಖಾಲಿ ಬಿಟ್ಟ. ಅಲ್ಲಿ ಊರೇ ಇಲ್ಲ ಅನ್ನುವ ಹಾಗೆ! 1845ರಲ್ಲಿ ಜಗಳ ಕೈ ಮೀರಿತು. ಒಂದು ಕಡೆಯವರು ಸೇತುವೆ ಮುರಿದರು, ಇನ್ನೊಂದು ಕಡೆಯವರು ಹಳೇ ಫಿರಂಗಿಯನ್ನೇ ಎಳೆದು ತಂದು ಕಿಲ್‌ಬೋರ್ನನ ಮನೆ ಕಡೆಗೆ ತಿರುಗಿಸಿ ನಿಲ್ಲಿಸಿದರು. ಅಷ್ಟರಲ್ಲಿ ಅವನ ಮಗಳು ತೀರಿಕೊಂಡ ಸುದ್ದಿ ಬಂತಂತೆ. ಫಿರಂಗಿ ಹಾರಿಸಲಿಲ್ಲ ಅಂತ ಹೇಳುತ್ತಾರೆ. ಮರುವರ್ಷ, 1846ರಲ್ಲಿ, ಮೂರೂ ಸೇರಿ ಒಂದೇ ನಗರವಾಯಿತು. ಜಗಳ ಮುಗಿದು ಇಷ್ಟು ವರ್ಷ ಆದರೂ ಓರೆ ಮಾತ್ರ ಉಳಿದಿದೆ. ಕೋರ್ಟಿನಲ್ಲಿ ಗಡಿ ತಕರಾರಿನ ದಾವೆಗಳನ್ನು ಎಷ್ಟು ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಇದರ ವಾದಪತ್ರ ಸಿಕ್ಕಿದ್ದರೆ ಸಂಬಳ ಇಲ್ಲದೆ ಟೈಪ್ ಮಾಡಿಕೊಡುತ್ತಿದ್ದೆ.

ವಿಸ್ಕಾನ್ಸಿನ್ ಅವೆನ್ಯೂ ಸೇತುವೆಯ ಮೇಲೆ ಒಂದು ಕಂಚಿನ ಬಾತುಕೋಳಿ ಕೂತಿದೆ. ಹೆಸರು ಗರ್ಟಿ. 1945ರ ವಸಂತದಲ್ಲಿ ಈ ಸೇತುವೆಯ ಕೆಳಗೆ, ನೀರಿನಲ್ಲಿದ್ದ ಒಂದು ಕೊಳೆತ ಮರದ ಕಂಬದ ತಲೆಯ ಮೇಲೆ ಇದು ಮೊಟ್ಟೆ ಇಟ್ಟು ಕಾವು ಕೂತಿತಂತೆ. ಮಹಾಯುದ್ಧ ಮುಗಿಯುವ ಹೊತ್ತು. ಸಾವಿನ ಸುದ್ದಿ ಓದಿ ಓದಿ ಸಾಕಾಗಿದ್ದ ಜನ ಸೇತುವೆಯ ಮೇಲೆ ಗುಂಪುಗಟ್ಟಿ ಬಾತುಕೋಳಿ ನೋಡುತ್ತಿದ್ದರು. ಪತ್ರಿಕೆಯವರು ಅದರ ಬಗ್ಗೆ ಬರೆದರು, ದೇಶವೆಲ್ಲ ಓದಿತು. ಆರು ಮರಿ ಆದವು. ಒಳ್ಳೆಯ ಕತೆ, ನನ್ನದೇನೂ ತಕರಾರಿಲ್ಲ. ತಕರಾರು ಶುರುವಾಗಿದ್ದು ಮುಂದೆ.

ಸಿಟಿ ಹಾಲ್ ಶನಿವಾರ ಮುಚ್ಚಿತ್ತು. 1895ರದ್ದು, ಕತ್ತೆತ್ತಿ ನೋಡಿದರೆ ಟೊಪ್ಪಿ ಬೀಳುವಷ್ಟು ಎತ್ತರದ ಗೋಪುರ. ಹೊರಗಿಂದಲೇ ಕೈ ಮುಗಿದು ನದಿ ದಾಟಿ ಪಶ್ಚಿಮಕ್ಕೆ ಬಂದೆವು. ಸಾಸೇಜಿನ ಹೊಗೆ ವಾಸನೆ ಬರುವ ಬೀದಿ ಹಾದು ಸ್ಟೇಟ್ ಸ್ಟ್ರೀಟು. ಅಲ್ಲಿ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು, ಕಂಬಕ್ಕೆ ನಿಲ್ಲಿಸಿದ ಒಂದು ಬೋರ್ಡು. ಟೈಪ್‌ರೈಟರ್ ಹುಟ್ಟಿದ ಜಾಗ.

ಅಲ್ಲ, ಅದೂ ಅಲ್ಲ. ಬೋರ್ಡಿನಲ್ಲಿ ಬರೆದಿರುವ ಪ್ರಕಾರ ಆ ಜಾಗ ಇಲ್ಲಿಂದ ಸುಮಾರು 300 ಅಡಿ ಈಶಾನ್ಯಕ್ಕೆ! ಕ್ಲೈನ್‌ಸ್ಟೂಬರ್ ಅನ್ನುವವನ ಯಂತ್ರದ ವರ್ಕ್‌ಶಾಪ್ ಅಲ್ಲಿತ್ತಂತೆ. ಶೋಲ್ಸ್ ಮತ್ತು ಅವನ ಜೊತೆಯವರು ಅಲ್ಲಿ ಕೆಲಸ ಮಾಡಿ 1869ರ ಸೆಪ್ಟೆಂಬರಿನಲ್ಲಿ ಬಳಸಲು ಬರುವಂಥ ಮೊದಲ ಯಂತ್ರ ಸಿದ್ಧ ಮಾಡಿದರು.

ಬಾತುಕೋಳಿಗೆ ಕಂಚು, ಟೈಪ್‌ರೈಟರಿಗೆ ಬೋರ್ಡು. ಅದೂ "ಇಲ್ಲಲ್ಲ, ಆ ಕಡೆ" ಅನ್ನುವ ಬೋರ್ಡು.

"ಈಶಾನ್ಯ ಅಂದರೆ ದೇವಮೂಲೆ ಕಣಮ್ಮ, ವಾಸ್ತು ಸರಿಯಾಗಿದೆ ಬಿಡು" ಅಂತ ಮಗಳು ತಮಾಷೆ ಮಾಡಿದಳು. ನಾನು ಇಳಿಯುತ್ತಿದ್ದ ಸೂರ್ಯನಿಗೆ ಬೆನ್ನು ಹಾಕಿ ನಿಂತು, ಎಡಕ್ಕೆ ಸ್ವಲ್ಪ ತಿರುಗಿ ದಿಕ್ಕು ಗುರುತಿಸಿಕೊಂಡೆ. ನನ್ನ ಹೆಜ್ಜೆಗೆ ಎರಡು ಅಡಿ. 150 ಹೆಜ್ಜೆ ಎಣಿಸಿದೆ. ಓರೆಯಾಗಿ ನಡೆಯಲು ಆಗುವುದಿಲ್ಲವಲ್ಲ, ಫುಟ್‌ಪಾತಿನಲ್ಲಿ ಮೂಲೆ ತಿರುಗಿ ತಿರುಗಿ ಅಂದಾಜು ಲೆಕ್ಕ. ನಿಂತಲ್ಲಿ ಏನೂ ಇರಲಿಲ್ಲ. ಒಂದು ದೀಪದ ಕಂಬ, ಒಂದಿಷ್ಟು ಒಣಗಿದ ಎಲೆ.

ಶೋಲ್ಸ್ ಪತ್ರಿಕೆ ನಡೆಸುತ್ತಿದ್ದವನು. ಮೊದಲು ಮಾಡಲು ಹೊರಟಿದ್ದು ಪುಟಕ್ಕೆ ನಂಬರ್ ಹಾಕುವ ಯಂತ್ರ. ನಂಬರ್ ಬರುವುದಾದರೆ ಅಕ್ಷರ ಯಾಕೆ ಬರಬಾರದು ಅಂತ ಗ್ಲಿಡನ್ ಅನ್ನುವ ಗೆಳೆಯ ಕೇಳಿದ್ದು. ಹಣ ಸಾಲದೆ ಕೊನೆಗೆ ಇದು ರೆಮಿಂಗ್ಟನ್ ಕೈಗೆ ಹೋಯಿತು. ಬಂದೂಕು, ಹೊಲಿಗೆ ಯಂತ್ರ ಮಾಡುತ್ತಿದ್ದ ಕಂಪನಿ ಅದು. 1874ರಲ್ಲಿ ಮಾರಾಟಕ್ಕೆ ಬಂದ ಯಂತ್ರಕ್ಕೆ ಹೂಬಳ್ಳಿ ಚಿತ್ತಾರ, ಹೊಲಿಗೆ ಯಂತ್ರದ ಹಾಗೆ ಕಾಲಲ್ಲಿ ಒತ್ತುವ ಪೆಡಲು. ಬರೀ ದೊಡ್ಡ ಅಕ್ಷರ. ಟೈಪ್ ಮಾಡಿದ್ದು ತಕ್ಷಣ ಕಣ್ಣಿಗೆ ಕಾಣುತ್ತಲೂ ಇರಲಿಲ್ಲ. ತಪ್ಪಾದರೆ ಆಮೇಲೆ ಗೊತ್ತಾಗುವುದು. ನಾನು ಕೆಲಸಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದ ಯಂತ್ರವೂ ರೆಮಿಂಗ್ಟನ್ನೇ. ಕನ್ನಡದ್ದು. ಕೀಗಳು ಬೇರೆ, ಒತ್ತಕ್ಷರದ ಪಾಡು ಬೇರೆ, ಆದರೆ ಸಾಲು ಮುಗಿಯುವಾಗ ಬರುವ ಗಂಟೆ ಅದೇ.

ಶೋಲ್ಸ್ ಮೇಲೆ ನನಗೊಂದು ಹಳೇ ಸಿಟ್ಟಿದೆ. ಇಂಗ್ಲಿಷಿನಲ್ಲಿ ಎ ಅನ್ನುವ ಅಕ್ಷರ ಎಷ್ಟು ಸಲ ಬರುತ್ತದೆ! ಅದನ್ನು ತೆಗೆದುಕೊಂಡು ಹೋಗಿ ಎಡಗೈ ಕಿರುಬೆರಳಿಗೆ ಕೊಟ್ಟಿದ್ದಾನೆ. ಜೂನಿಯರ್ ಪರೀಕ್ಷೆಗೆ ಕೂತಾಗ ನನ್ನ ಕಿರುಬೆರಳು ಊದಿಕೊಂಡಿತ್ತು. ರಾತ್ರಿ ಅಮ್ಮ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ನ್ಯಾಯವಾಗಿ ಹೇಳಬೇಕೆಂದರೆ ಹತ್ತೂ ಬೆರಳಲ್ಲಿ ನೋಡದೆ ಟೈಪ್ ಮಾಡುವ ಪದ್ಧತಿ ಅವನು ಕೀ ಜೋಡಿಸಿದಾಗ ಇನ್ನೂ ಬಂದಿರಲಿಲ್ಲ. ಯಾವ ಬೆರಳಿಗೆ ಯಾವ ಕೀ ಅಂತ ಅವನು ಯೋಚಿಸಿರಲಾರ. ಆದರೂ.

ವಾಪಸ್ ಬರುವಾಗ ಸೇತುವೆಯ ಕಂಬಿ ಹಿಡಿದು ಸುಸ್ತಾಗಿ ನಿಂತೆ. ಕಬ್ಬಿಣ ತಣ್ಣಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಮಗಳು ನನ್ನ ಕೈ ನೋಡಿ ನಗತೊಡಗಿದಳು. ಬೆರಳುಗಳು ಕಂಬಿಯ ಮೇಲೆ ತಾವೇ ಓಡುತ್ತಿದ್ದವು. ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಹೆಚ್ ಜೆ. "ಏನು ಟೈಪ್ ಮಾಡ್ತಿದ್ದೀಯಮ್ಮ?" ಅಂದಳು. ಕೆಳಗೆ ನದಿ ಹರಿಯುತ್ತಿತ್ತು. "ಸುಮ್ನೆ" ಅಂದೆ.

ರಾತ್ರಿ ಹೋಟೆಲ್ ಕಿಟಕಿಯಿಂದ ಒಂದು ಕಟ್ಟಡದ ನೆತ್ತಿಯ ಮೇಲೆ ಜ್ವಾಲೆಯ ಆಕಾರದ ದೀಪ ಕಂಡಿತು. ಹಿಂದೆ ಗ್ಯಾಸ್ ಕಂಪನಿಯ ಕಟ್ಟಡ ಅದು. ಕೆಂಪಿದ್ದರೆ ಸೆಖೆ, ಹಳದಿ ಇದ್ದರೆ ಚಳಿ, ನೀಲಿ ಇದ್ದರೆ ಇದ್ದ ಹಾಗೇ, ಮಿನುಗಿದರೆ ಮಳೆಯೋ ಹಿಮವೋ. ಅವತ್ತು ಹಳದಿ ಇತ್ತು. ಹೇಳಿದ ಮಾತು ಉಳಿಸಿಕೊಂಡಿತು. ಬೆಳಿಗ್ಗೆ ಎದ್ದರೆ ಹಲ್ಲು ಕಟಕಟ.

ಸರೋವರದ ದಂಡೆಗೆ ಹೋದೆವು. ಹಾಸನದವಳಿಗೆ ಕೆರೆ ಅಂದರೆ ಆ ಕಡೆ ದಡ ಕಾಣಬೇಕು. ಇದಕ್ಕೆ ಆ ಕಡೆಯೇ ಇಲ್ಲ. ಕರ್ನಾಟಕದ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕಮ್ಮಿ ಇದೆಯಂತೆ ಮಿಶಿಗನ್ ಸರೋವರ. ಅಲೆ ಇದೆ, ಉಪ್ಪಿನ ವಾಸನೆ ಇಲ್ಲ. ಮೂಗು ನಂಬುವುದೇ ಇಲ್ಲ.

ದಂಡೆಯಲ್ಲಿ ಕಲಾ ಮ್ಯೂಸಿಯಂ. ಕಲಾತ್ರಾವಾ ಅನ್ನುವ ಸ್ಪೇನ್ ದೇಶದ ವಾಸ್ತುಶಿಲ್ಪಿ ಕಟ್ಟಿದ ಭಾಗ 2001ರದ್ದು. ಅದರ ಮೇಲೆ ಎರಡು ಬಿಳಿ ರೆಕ್ಕೆ, ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 217 ಅಡಿ. ಹತ್ತು ಗಂಟೆಗೆ ಬಿಚ್ಚಿಕೊಂಡಿತು, ನಿಧಾನಕ್ಕೆ, ಕೊಕ್ಕರೆ ಮೈ ಮುರಿದ ಹಾಗೆ. ಜನ ಫೋನ್ ಹಿಡಿದು ನಿಂತಿದ್ದರು, ನಾವೂ. ಮಧ್ಯಾಹ್ನ ಹನ್ನೆರಡಕ್ಕೆ ಇನ್ನೊಮ್ಮೆ ಬಡಿಯುತ್ತದೆ ಅಂತ ಕಾದು ಕೂತೆವು. ಹನ್ನೊಂದರ ಹೊತ್ತಿಗೆ ಗಾಳಿ ಜೋರಾಯಿತು. ರೆಕ್ಕೆ ತಾನೇ ಮಡಚಿಕೊಂಡಿತು. ಗಾಳಿ ಗಂಟೆಗೆ 37 ಕಿಲೋಮೀಟರ್ ದಾಟಿದರೆ ಯಂತ್ರವೇ ಗುರುತಿಸಿ ಮುಚ್ಚಿಕೊಳ್ಳುತ್ತದಂತೆ. ಮಳೆ ಗಾಳಿಗೆ ಕೊಡೆ ಬಿಚ್ಚುವವರು ನಾವು, ಗಾಳಿ ಬಂದರೆ ಮಡಚುವುದು ಇದು. ಮಂಡಿ ಸಾಕು ಅಂತಿತ್ತು. ಸ್ಟೇಷನ್ನಿಗೆ ಟ್ರಾಮ್ ಹತ್ತಿದೆವು. ಮಗಳು ಏನೂ ಅನ್ನಲಿಲ್ಲ, ನಕ್ಕಳು ಅಷ್ಟೇ.

ರೈಲಿನಲ್ಲಿ ಅವಳು ಫೋನ್ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. "ಅಮ್ಮ, ಬಯ್ಯಬೇಡ" ಅಂದಳು. ಮಿಲ್ವಾಕೀಯ ಪಬ್ಲಿಕ್ ಮ್ಯೂಸಿಯಮ್ಮಿನ ಹತ್ತಿರ ಡೀಟ್ಸ್ ಅನ್ನುವವರು ಕೂಡಿಸಿದ ಹಳೇ ಟೈಪ್‌ರೈಟರುಗಳ ಸಂಗ್ರಹ ಇದೆಯಂತೆ. ಪ್ರಪಂಚದಲ್ಲೇ ದೊಡ್ಡ ಸಂಗ್ರಹಗಳಲ್ಲಿ ಒಂದು. ನಾವು ಅದರ ಹತ್ತಿರದಲ್ಲೇ ಓಡಾಡಿದ್ದೆವು, ಆ ಬೋರ್ಡಿನಿಂದ ಕೆಲವೇ ಬೀದಿ ಆಚೆ.

ನಾನು ಬಯ್ಯಲಿಲ್ಲ. ಈಶಾನ್ಯಕ್ಕೆ ಅಂತ ಹೋಗಿದ್ದೆವಲ್ಲ, ಅದು ಇದ್ದದ್ದು ನೈಋತ್ಯಕ್ಕೆ.