ನಿಂತ ಕಾರಿನಲ್ಲಿ ಸೋರುವ ಕರೆಂಟು

ನಾಲ್ಕು ದಿನ ಕವರ್ ಹೊದಿಸಿ ನಿಲ್ಲಿಸಿದ್ದ ಕಾರಿನ ಕೀಲಿ ತಿರುಗಿಸಿದಾಗ ಸೆಲ್ಫ್ ಹೊಡೆಯಲಿಲ್ಲ. ಟಕಟಕ ಸದ್ದಾಯಿತು, ಮೀಟರಿನ ದೀಪಗಳು ಮಂಕಾಗಿ ಹೊತ್ತಿ ಆರಿದವು. ಬ್ಯಾಟರಿಗೆ ಮೂರು ವರ್ಷ ದಾಟಿದ್ದರಿಂದ ಅದರ ಆಯಸ್ಸು ಮುಗಿಯಿತೆಂದು ತೀರ್ಮಾನಿಸಿ ಹೊಸದನ್ನು ಹಾಕಿಸಿದೆ. ಎರಡು ವಾರ ಕಳೆದ ಮೇಲೆ ಕಾರು ಮತ್ತೆ ನಾಲ್ಕು ದಿನ ನಿಂತಿತು, ಹೊಸ ಬ್ಯಾಟರಿಯೂ ಅದೇ ರೀತಿ ಕೂತುಬಿಟ್ಟಿತು. ಕಪಾಟಿನಲ್ಲಿ ವೋಲ್ಟ್, ಕರೆಂಟು ಅಳೆಯುವ ಮಲ್ಟಿಮೀಟರ್ ಇಟ್ಟುಕೊಂಡೂ ಒಮ್ಮೆಯಾದರೂ ಅಳೆಯದೆ ಬ್ಯಾಟರಿ ಕೊಂಡಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಚಾರ್ಜರ್ ಹಾಕಿ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಹಾಗೆಯೇ ಬಿಟ್ಟು ಅಳೆದಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಆರು ಕೋಶಗಳ ಸೀಸ-ಆಮ್ಲ ಬ್ಯಾಟರಿ ತುಂಬಿರುವಾಗ ತೋರಿಸಬೇಕಾದದ್ದು ಇಷ್ಟೇ, 12.2ಕ್ಕೆ ಇಳಿದರೆ ಸುಮಾರು ಅರ್ಧ ಖಾಲಿ, 12ಕ್ಕಿಂತ ಕೆಳಗಾದರೆ ಬಹುಪಾಲು ಖಾಲಿ ಎಂದು ತಿಳಿಯಬೇಕು. ಎಂಜಿನ್ ಓಡುತ್ತಿರುವಾಗ ಅದೇ ಟರ್ಮಿನಲ್‌ಗಳ ನಡುವೆ 14.2 ಬಂದದ್ದರಿಂದ, ಎಂಜಿನ್ನಿನ ಶಕ್ತಿಯಿಂದ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ ಎಂಬುದೂ ಖಚಿತವಾಯಿತು. ಬ್ಯಾಟರಿ ಚೆನ್ನಾಗಿದೆ, ಚಾರ್ಜೂ ಆಗುತ್ತಿದೆ. ಹಾಗಾದರೆ ಕಾರು ನಿಂತಿರುವಾಗ ಯಾವುದೋ ಒಂದು ಭಾಗ ಕರೆಂಟು ಎಳೆಯುತ್ತಿದೆ ಎಂದೇ ಅರ್ಥ.

ಈಗಿನ ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಗಡಿಯಾರ, ಅಲಾರಂ, ರಿಮೋಟ್ ಲಾಕಿನ ರಿಸೀವರ್ ಮೊದಲಾದವಕ್ಕೆ ಸ್ವಲ್ಪ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್‌ವರೆಗಿನ ಇಂತಹ ಹರಿವಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇದನ್ನು ಅಳೆಯಲು ಮಲ್ಟಿಮೀಟರನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಅದರಿಂದ ಬಿಚ್ಚಿದ ಕೇಬಲ್ಲಿಗೂ ನಡುವೆ ಸೇರಿಸಬೇಕು, ಅಂದರೆ ಕಾರು ಬಳಸುವ ಕರೆಂಟೆಲ್ಲ ಮೀಟರಿನ ಮೂಲಕವೇ ಹಾದುಹೋಗಬೇಕು. ಕೆಂಪು ತಂತಿಯನ್ನು ಮೀಟರಿನ 10 ಆಂಪಿಯರ್ ರಂಧ್ರಕ್ಕೇ ಚುಚ್ಚಬೇಕು, ಮತ್ತು ಮೀಟರ್ ಜೋಡಿಸಿರುವಷ್ಟು ಹೊತ್ತು ಅಪ್ಪಿತಪ್ಪಿಯೂ ಕಾರು ಸ್ಟಾರ್ಟ್ ಮಾಡಬಾರದು. ಸೆಲ್ಫ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುವುದರಿಂದ ಮೀಟರಿನ ಫ್ಯೂಸ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ನಾನು ಮೊದಲ ಸಲ ಅಳೆದಾಗ ಮೀಟರ್ 2.8 ಆಂಪಿಯರ್ ತೋರಿಸಿತು. ಕಳ್ಳ ಸಿಕ್ಕಿಬಿದ್ದನೆಂದು ಹಿಗ್ಗಿ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳತೊಡಗಿದೆ. ಪ್ರತಿ ಫ್ಯೂಸ್ ಕಿತ್ತಾಗಲೂ ಅಂಕಿ ಒಂದಿಷ್ಟು ಇಳಿಯುವುದು, ಮರಳಿ ಹಾಕಿದಾಗ ಮೊದಲಿಗಿಂತ ಮೇಲೇರುವುದು. ಒಂದು ಗಂಟೆ ಕಳೆದರೂ ತಲೆಬುಡ ತಿಳಿಯಲಿಲ್ಲ. ನಡೆದದ್ದೇನೆಂದರೆ, ಬ್ಯಾಟರಿಯ ಕೇಬಲ್ ಬಿಚ್ಚಿ ಮತ್ತೆ ಜೋಡಿಸಿದ ಕೂಡಲೇ ಕಾರಿನ ಕಂಟ್ರೋಲ್ ಯೂನಿಟ್‌ಗಳೆಂಬ ಪುಟ್ಟ ಕಂಪ್ಯೂಟರ್‌ಗಳೆಲ್ಲ ಎಚ್ಚರಗೊಳ್ಳುತ್ತವೆ. ಅವು ಮತ್ತೆ ಮಲಗಲು ಕೆಲವು ಕಾರುಗಳಲ್ಲಿ ಐದು ನಿಮಿಷ, ಕೆಲವದರಲ್ಲಿ ಅರ್ಧ ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತದೆ. ಫ್ಯೂಸ್ ಕಿತ್ತು ಹಾಕಿದಾಗಲೂ ಇದೇ ಕಥೆ. ನಾನು ಅಳೆಯುತ್ತಿದ್ದದ್ದು ನಾನೇ ಎಬ್ಬಿಸಿದ ಕಾರನ್ನು.

ಎರಡನೆಯ ಸಲ ಹೆಚ್ಚು ಜಾಗರೂಕನಾದೆ. ಚಾಲಕನ ಬಾಗಿಲನ್ನು ತೆರೆದಿಟ್ಟು, ಅದರ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಕೂರಿಸಿದೆ. ಕಾರಿನ ಲೆಕ್ಕದಲ್ಲಿ ಬಾಗಿಲು ಮುಚ್ಚಿದಂತಾಯಿತು, ಫ್ಯೂಸ್ ಬಾಕ್ಸ್ ಮಾತ್ರ ಕೈಗೆ ಸಿಗುವಂತಿತ್ತು. ಬಾನೆಟ್ಟಿನ ಕೊಂಡಿಗೂ ಅದೇ ಉಪಚಾರವಾಯಿತು. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳದೆ ದೂರ ಇಟ್ಟು ಬರಬೇಕು, ಇಲ್ಲವಾದರೆ ಅದರ ಸಂಕೇತವೇ ಕಾರನ್ನು ಮಲಗಲು ಬಿಡದಿರಬಹುದು. ಕೇಬಲ್ ಬಿಚ್ಚುವ ಮೊದಲೇ ಒಂದು ಜಂಪರ್ ತಂತಿಯನ್ನು ಕಂಬಕ್ಕೂ ಕೇಬಲ್ಲಿಗೂ ಸೇರಿಸಿ, ಮೀಟರ್ ಜೋಡಿಸಿ, ನಲವತ್ತು ನಿಮಿಷ ಬಿಟ್ಟು ಆಮೇಲೆ ಜಂಪರ್ ತೆಗೆದೆ. ಸಂಪರ್ಕ ಒಂದು ಕ್ಷಣವೂ ಕಡಿಯದ ಕಾರಣ ಕಾರಿಗೆ ಎಚ್ಚರವಾಗಲಿಲ್ಲ. ಮೀಟರ್ 310 ಮಿಲಿಆಂಪಿಯರ್‌ನಲ್ಲಿ ನಿಂತಿತು. ದಿನಕ್ಕೆ ಇದು ಸುಮಾರು 7.4 ಆಂಪಿಯರ್-ಗಂಟೆಯಾಗುತ್ತದೆ; ನಾಲ್ಕು ದಿನಕ್ಕೆ 30. ನನ್ನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 45 ಆಗಿರುವಾಗ ಸೆಲ್ಫ್ ಹೊಡೆಯದಿದ್ದುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಫ್ಯೂಸ್‌ಗಳ ಸರದಿ. ಕೀಳದೆಯೇ ನೋಡುವ ಒಂದು ಉಪಾಯವಿದೆ, ಮತ್ತು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದೇ. ಬ್ಲೇಡ್ ಫ್ಯೂಸಿನ ನೆತ್ತಿಯ ಮೇಲೆ ಲೋಹ ಕಾಣುವ ಎರಡು ಪುಟ್ಟ ಕಿಂಡಿಗಳಿರುತ್ತವೆ. ಜಂಪರನ್ನು ಮರಳಿ ಸೇರಿಸಿ ಮೀಟರನ್ನು ಬಿಡಿಸಿಕೊಂಡು, ಕೆಂಪು ತಂತಿಯನ್ನು ವೋಲ್ಟ್ ರಂಧ್ರಕ್ಕೆ ಬದಲಿಸಿ, ಮಿಲಿವೋಲ್ಟ್‌ಗೆ ತಿರುಗಿಸಿ ಅವೆರಡಕ್ಕೂ ಮೊನೆ ತಾಗಿಸಿದರೆ, ಕರೆಂಟು ಹರಿಯದ ಫ್ಯೂಸ್ ಸೊನ್ನೆ ತೋರಿಸುತ್ತದೆ. ಹರಿಯುತ್ತಿದ್ದರೆ ಫ್ಯೂಸಿನ ಅತಿ ಸಣ್ಣ ಪ್ರತಿರೋಧದ ಕಾರಣದಿಂದ ಅಂಕಿ ಅಲುಗುತ್ತದೆ. ಕೈ ನಡುಗಿದರೆ ಮೊನೆ ಜಾರುತ್ತದೆ, ಬಗ್ಗಿ ಬಗ್ಗಿ ಸೊಂಟವೂ ಹಿಡಿಯುತ್ತದೆ, ಆದರೆ ಕಾರು ಮಲಗಿದಂತೆಯೇ ಇರುತ್ತದೆ. ಹದಿನೆಂಟು ಫ್ಯೂಸ್‌ಗಳು ಸೊನ್ನೆ ಅಥವಾ ಅದರ ಆಸುಪಾಸಿನಲ್ಲಿದ್ದವು. ಮೂರನೆಯ ಸಾಲಿನ 15 ಆಂಪಿಯರಿನ ನೀಲಿ ಫ್ಯೂಸ್ 1.3 ಮಿಲಿವೋಲ್ಟ್ ತೋರಿಸಿತು.

ಆ ಫ್ಯೂಸಿನಿಂದ ಒಳಗಿನ ದೀಪ, ಡಿಕ್ಕಿಯ ದೀಪ ಮತ್ತು ಮ್ಯೂಸಿಕ್ ಸಿಸ್ಟಮ್ ಮೂರಕ್ಕೂ ವಿದ್ಯುತ್ ಹೋಗುತ್ತದೆ. ನನ್ನ ಅನುಮಾನ ಡಿಕ್ಕಿಯ ದೀಪದ ಮೇಲಿತ್ತು, ಏಕೆಂದರೆ 5 ವಾಟ್‌ನ ಬಲ್ಬೊಂದು ಆರದೆ ಉರಿದರೆ 400 ಮಿಲಿಆಂಪಿಯರ್ ಹೋಗಿಬಿಡುತ್ತದೆ. ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿದೆ. ತೆಗೆದು ನೋಡಿದರೆ ಬರೀ ಕತ್ತಲೆ. ಉಳಿದದ್ದು ನಾನು ಆಮೇಲೆ ಹಾಕಿಸಿಕೊಂಡ ದೊಡ್ಡ ಪರದೆಯ ಮ್ಯೂಸಿಕ್ ಸಿಸ್ಟಮ್. ಮೀಟರನ್ನು ಮೊದಲಿನಂತೆ ಬ್ಯಾಟರಿಗೆ ಜೋಡಿಸಿ, ಅದನ್ನು ಹೊರಗೆಳೆದು ಹಿಂದಿನ ಕನೆಕ್ಟರ್ ಕಿತ್ತಾಗ ಅಂಕಿ 28 ಮಿಲಿಆಂಪಿಯರ್‌ಗೆ ಇಳಿಯಿತು.

ಇಂತಹ ಸಿಸ್ಟಮ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿಗೆ ಸದಾ ವಿದ್ಯುತ್ ಇರಬೇಕು, ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ. ನನ್ನದರಲ್ಲಿ ಎರಡನ್ನೂ ಸೇರಿಸಿ ಹೊಸೆದು ಕಪ್ಪು ಟೇಪು ಸುತ್ತಲಾಗಿತ್ತು. ಬೇಸಿಗೆಯ ಬಿಸಿಗೆ ಟೇಪಿನ ಅಂಟು ಕರಗಿ ಬೆರಳಿಗೆ ಮೆತ್ತಿಕೊಂಡಿತು. ಕೀಲಿಯಿಂದ ಬರುವ ತಂತಿಯನ್ನು ಹುಡುಕುವ ತಾಳ್ಮೆ ಹಾಕಿಕೊಟ್ಟವರಿಗೆ ಇರಲಿಲ್ಲವೇನೋ. ಪರದೆ ಆರಿಸಿದರೆ ಆರುತ್ತಿತ್ತು, ಆದರೆ ಕಾರು ಚಾಲೂ ಇದೆಯೆಂದೇ ನಂಬಿದ ಸಿಸ್ಟಮ್ ಒಳಗೊಳಗೇ ಎಚ್ಚರವಾಗಿರುತ್ತಿತ್ತು. ಕೆಂಪು ತಂತಿಯನ್ನು ಬೇರ್ಪಡಿಸಿ, ಕೀಲಿ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ತಂತಿಗೆ ಬೆಸುಗೆ ಹಾಕಿದೆ.

ಒಂದು ವೇಳೆ ಯಾವ ಫ್ಯೂಸಿನಲ್ಲೂ ಏನೂ ಕಾಣದಿದ್ದರೆ ಮುಂದೆ ನೋಡಬೇಕಾದದ್ದು ಆಲ್ಟರ್ನೇಟರನ್ನು. ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಕೆಟ್ಟಿದ್ದರೆ ಎಂಜಿನ್ ನಿಂತಾಗ ಕರೆಂಟು ಹಿಮ್ಮುಖವಾಗಿ ಹರಿಯುತ್ತದೆ. ಬ್ಯಾಟರಿ ಬಿಚ್ಚಿಟ್ಟು, ಆಲ್ಟರ್ನೇಟರಿನ ದಪ್ಪ ಕೇಬಲ್ ಕಳಚಿ, ಅದರ ತುದಿ ಎಲ್ಲಿಯೂ ತಾಗದಂತೆ ಸುತ್ತಿ, ಮತ್ತೆ ಅಳೆದರೆ ಗೊತ್ತಾಗುತ್ತದೆ. ನನಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ.

ಆಳವಾಗಿ ಖಾಲಿಯಾದಾಗ ಫಲಕಗಳ ಮೇಲೆ ಗಟ್ಟಿಯಾಗುವ ಸಲ್ಫೇಟಿನಿಂದ ಹೊಸ ಬ್ಯಾಟರಿಯ ಆಯುಷ್ಯ ಸ್ವಲ್ಪ ತಗ್ಗಿರಲೂಬಹುದು. ಕಳೆದ ವಾರ ಹತ್ತು ದಿನ ನಿಲ್ಲಿಸಿದ್ದ ಕಾರಿನ ಬಾನೆಟ್ ಎತ್ತಿ ಅಳೆದೆ: 12.5. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.