ಕೋಟೆ ದುರ್ಗದಲ್ಲಿ, ಹರಟೆ ದಾವಣಗೆರೆಯಲ್ಲಿ

ದಾವಣಗೆರೆಯವರಿಗೆ ದುರ್ಗದ ಕೋಟೆ ಮನೆಯ ಹಿತ್ತಿಲಿದ್ದ ಹಾಗೆ. ಯಾರಾದರೂ ನೆಂಟರು ಬಂದಾಗಲೇ ಅತ್ತ ಕಾಲಿಡುವುದು. ಈ ಸಲ ಬಂದಿದ್ದು ನಮ್ಮ ಕಾಲೇಜಿನ ಗೆಳೆಯ. ಈಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸ. ನಾವೆಲ್ಲ ಅವನನ್ನು ಸಾಹೇಬ ಅಂತಲೇ ಕರೆಯುವುದು. "ಕೋಟೆಗೆ ಹೋಗೋಣ ನಡೀರಲೇ" ಅಂದ. ಕಾರು ಹತ್ತಿದ್ದೇ ತಡ, ಅಲ್ಲಿನ ಕೋಟೆ, ಅಲ್ಲಿನ ಹಳೇ ಪಬ್ಬುಗಳ ಪುರಾಣ ಶುರುವಾಯಿತು. ಭರಮಸಾಗರ ದಾಟಿದರೂ ಮುಗಿಯಲಿಲ್ಲ.

ಅವನಿರುವ ಊರಲ್ಲಿ ಕೋಟೆ ಗುಡ್ಡದ ಬುಡಕ್ಕೇ ಅಂಟಿಕೊಂಡು ಒಂದು ಪಬ್ಬಿದೆ. ಹೆಸರು 'ಯೆ ಓಲ್ಡ್ ಟ್ರಿಪ್ ಟು ಜೆರುಸಲೆಮ್'. ಗೋಡೆಯ ಮೇಲೆ 1189 ಅಂತ ದೊಡ್ಡದಾಗಿ ಬರೆಸಿದ್ದಾರೆ. ಈಗಿರುವ ಕಟ್ಟಡ 17ನೇ ಶತಮಾನದ್ದು ಅಂತ ತಿಳಿದವರು ಹೇಳುತ್ತಾರೆ, ಆದರೆ ವ್ಯಾಪಾರ ಅಂದ್ಮೇಲೆ ವಯಸ್ಸು ಸ್ವಲ್ಪ ಜಾಸ್ತಿ ಹೇಳಿದರೇನಂತೆ! ಒಳಗಿನ ಕೆಲವು ಕೋಣೆಗಳು ಬಂಡೆ ಕೊರೆದು ಮಾಡಿದ ಗವಿಗಳು. ಅಲ್ಲಿನದು ಮರಳುಗಲ್ಲು, ಕೊರೆಯಲು ಸುಲಭ. ತಮಾಷೆ ಅಂದ್ರೆ ಮೇಲಿನ ಕೋಟೆಯನ್ನು 1651ರಲ್ಲಿ ಕೆಡವಿಬಿಟ್ಟರು. ಆಮೇಲೆ ಅಲ್ಲಿ ಎದ್ದಿದ್ದು ಡ್ಯೂಕ್ ಒಬ್ಬನ ಬಂಗಲೆ. "ಕೋಟೆ ಅಂತ ಟಿಕೆಟ್ ತಗೊಂಡು ಹೋದ್ರೆ ಬಂಗಲೆ ತೋರಿಸ್ತಾರೆ ಕಣ್ರಲೇ" ಅಂತ ಸಾಹೇಬನ ಗೊಣಗಾಟ.

ದುರ್ಗದಲ್ಲಿ ಆ ಗೊಣಗಾಟಕ್ಕೆ ಜಾಗವಿಲ್ಲ. ಏಳು ಸುತ್ತು ಕಲ್ಲು ಇನ್ನೂ ನಿಂತಿದೆ. ಮದಕರಿ ನಾಯಕನಿಂದ 1779ರಲ್ಲಿ ಹೈದರಾಲಿ ಇದನ್ನು ಕಿತ್ತುಕೊಂಡ ಕಥೆ, ಓಬವ್ವನ ಕಥೆ ಎಲ್ಲ ಗೈಡ್ ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ನಾನು ಮನೆ ಕಟ್ಟಿಸುವ ಕಂಟ್ರಾಕ್ಟರ್. ನನ್ನ ಕಣ್ಣು ಕಲ್ಲಿನ ಮೇಲೇ ಇರುತ್ತದೆ. ಬಂಡೆಗಳ ಮೇಲೆ ಅಲ್ಲಲ್ಲಿ ಸಾಲಾಗಿ ಸಣ್ಣ ಗುಳಿಗಳಿವೆ ನೋಡಿ, ಅವು ಬೆಣೆ ಬಡಿದು ಕಲ್ಲು ಸೀಳಲು ಹೊಡೆದವು. ಕೆಲವು ಕಡೆ ಗುಳಿ ಹೊಡೆದಿದ್ದಾರೆ, ಕಲ್ಲು ಸೀಳಿಲ್ಲ. ಯಾವ ಮೇಸ್ತ್ರಿ ಅಡ್ವಾನ್ಸ್ ಇಸ್ಕೊಂಡು ಪಕ್ಕದ ಸೈಟಿಗೆ ಹೋದನೋ ಏನೋ. ಗೋಡೆಯ ದಪ್ಪ ಕಲ್ಲುಗಳ ನಡುವೆ ಗಾರೆ ಇಲ್ಲ. ಒಂದರ ಮೈಗೆ ಇನ್ನೊಂದನ್ನು ಕೆತ್ತಿ ಕೂರಿಸಿದ್ದಾರೆ. ಬಾಗಿಲಿಗೆ ಹೋಗುವ ದಾರಿ ನೇರ ಇರುವುದೇ ಇಲ್ಲ, ಗಕ್ಕನೆ ತಿರುಗುತ್ತದೆ. ಆನೆ ಓಡಿ ಬಂದು ಗುದ್ದಲು ಜಾಗವೇ ಸಿಗಬಾರದು.

ನನಗೆ ಎಲ್ಲಕ್ಕಿಂತ ಇಷ್ಟ ಆಗುವುದು ನೀರಿನ ಲೆಕ್ಕ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದರೆ ಅಕ್ಕ ತಂಗಿ ಹೊಂಡಕ್ಕೆ. ಹಾಗೇ ಇಳಿಯುತ್ತಾ ಇಳಿಯುತ್ತಾ ಕೆಳಗೆ ಊರಿನ ಸಂತೆ ಹೊಂಡದವರೆಗೆ. ಪಂಪಿಲ್ಲ, ಪೈಪಿಲ್ಲ, ಬರೀ ಇಳಿಜಾರು. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಇದನ್ನು ಯೋಚಿಸಿದವನಿಗೆ ಕೈ ಮುಗಿಯಬೇಕು. ನಾನು ಇದನ್ನೆಲ್ಲ ವಿವರಿಸುವಾಗ ಉಳಿದವರು ಓಬವ್ವನ ಕಿಂಡಿ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಗುಂಪಿನ ದಪ್ಪ ಆಸಾಮಿ ಅದರಲ್ಲಿ ನುಸುಳಿ ಹೊರಬಂದಾಗ ಅಂಗಿಯ ಗುಂಡಿ ಇರಲಿಲ್ಲ.

ಕೆಳಗಿಳಿದು ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದೆವು. "ಇಲ್ಲೇ ಬುಡದಲ್ಲಿ ಒಂದು ಹಳೇ ಪಬ್ಬಿದ್ದಿದ್ರೆ!" ಅಂತ ಸಾಹೇಬ. ಊರಿಗೆ ನಡಿ, ತೋರಿಸ್ತೀವಿ ಅಂದೆವು.

ಎಲ್ಲಿಗೆ ಹೋಗುವುದು ಅನ್ನುವುದಕ್ಕೆ ಕಾರಲ್ಲೇ ಜಗಳ. ಉಳಿದವರೆಲ್ಲ ಬೆಣ್ಣೆ ದೋಸೆ ಹೋಟೆಲ್ ಕಡೆ. ಹಳೆಯದು ಅಂದ್ರೆ ಅದೇ, ನಿಜ. 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನುವವರು ರಾಗಿ ದೋಸೆಯಿಂದ ಶುರು ಮಾಡಿದ್ದು ಅಂತ ಊರಲ್ಲಿ ಹೇಳುತ್ತಾರೆ. ಸೌದೆ ಒಲೆ, ಕಾಯಿ ಚಟ್ನಿ, ಬಿಳಿ ಆಲೂಗಡ್ಡೆ ಪಲ್ಯ, ಯಾವುದಕ್ಕೂ ಹೆಸರಿಡುವ ಹಾಗಿಲ್ಲ. ಆದರೆ ಅಲ್ಲಿ ಕೂತು ಹರಟೆ ಹೊಡೆಯೋಕಾಗುತ್ತಾ? ಎರಡನೇ ದೋಸೆ ಮುರಿಯುವಷ್ಟರಲ್ಲಿ ಕುರ್ಚಿ ಹಿಂದೆ ಯಾರೋ ಬಂದು ನಿಂತಿರುತ್ತಾರೆ. ಒಂದು ಗ್ಲಾಸು ಹಿಡಿದು ಗಂಟೆಗಟ್ಟಲೆ ಕೂರುವ ಜಾಗ ಪಬ್ಬು ಅನ್ನುವುದಾದರೆ, ನಮ್ಮೂರಲ್ಲಿ ಅದಕ್ಕೆ ಸರಿಸಾಟಿ ಮಂಡಕ್ಕಿ ಅಂಗಡಿಯೇ. ಹತ್ತಿ ಮಿಲ್ಲುಗಳಿದ್ದಾಗ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿದು. ಮಿಲ್ಲುಗಳು ಮುಚ್ಚಿದವು. ಮಂಡಕ್ಕಿಗೆ ಏನೂ ಆಗಲಿಲ್ಲ.

ಕೊನೆಗೆ ನನ್ನ ಮಾತೇ ನಡೆಯಿತು. ಬೆಂಚು, ಪುಟಾಣಿ ಪುಡಿ ಉದುರಿಸಿದ ನರ್ಗೀಸ್ ಮಂಡಕ್ಕಿ, ಬಾಣಲೆಯಿಂದ ಆಗ ತಾನೇ ಎತ್ತಿದ ಮೆಣಸಿನಕಾಯಿ, ಮಧ್ಯೆ ಮಧ್ಯೆ ಚಾ. ಪಬ್ಬಿನಲ್ಲಿ ಗೆಳೆಯರು ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ಸುತ್ತು ಎಲ್ಲರಿಗೂ ಕೊಡಿಸಬೇಕು, ಮುಚ್ಚುವ ಮೊದಲು ಗಂಟೆ ಬಾರಿಸಿ ಕೊನೇ ಆರ್ಡರ್ ಕೇಳುತ್ತಾರೆ ಅಂತ ಸಾಹೇಬ ಹೇಳುತ್ತಿದ್ದ. ಸುತ್ತಿನ ಪದ್ಧತಿ ನಮಗೆ ಬಹಳ ಹಿಡಿಸಿತು. ಮೊದಲ ಸುತ್ತು ಅವನದೇ ಅಂತ ತೀರ್ಮಾನ ಆಯಿತು. ಪಬ್ಬು ಉಳಿದು ಕೋಟೆ ಹೋದ ಊರು ವಾಸಿಯೋ, ಕೋಟೆ ಉಳಿದು ಪಬ್ಬಿಲ್ಲದ ಊರು ವಾಸಿಯೋ ಅಂತ ಜೋರು ವಾದ. ಅಂಗಡಿಯವರು ಜಾಲರಿ ಸೌಟು ಮೇಲೆತ್ತಿ, "ಎಣ್ಣೆ ಇಳಿಸ್ತೀನಿ, ಬೇಕಾದ್ರೆ ಈಗ್ಲೇ ಹೇಳ್ರಿ" ಅಂದರು.

ಇನ್ನೊಂದು ಸುತ್ತು ಹೇಳಿದೆವು. ಅದರ ದುಡ್ಡೂ ಸಾಹೇಬನೇ ಕೊಟ್ಟ.