ಗಿರಾಕಿ ಯಾರು?

ಜಿಎಸ್‌ಟಿ ತಡವಾಗಿ ಕಟ್ಟಿದ್ದಕ್ಕೆ ಹಾಕಿದ ದಂಡದ ವಿರುದ್ಧ ನಾನು ಹಾಕಿದ್ದ ಅಪೀಲಿನ ವಿಚಾರಣೆ ಮೊನ್ನೆ ಮಂಗಳವಾರ ಇತ್ತು. ಎಲ್ಲಾ ಸೇರಿ ಏಳೆಂಟು ನಿಮಿಷ. ಅಲ್ಲಿ ಕೇಳಿದ ಎರಡು ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ.

"ಟ್ಯಾಕ್ಸು ಗಿರಾಕಿ ದುಡ್ಡು ಕೊಟ್ಟ ಮೇಲೆ ಕಟ್ಟೋದಾ, ಬಿಲ್ ಹಾಕಿದ ಮೇಲೆ ಕಟ್ಟೋದಾ?" ಅಪೀಲು ಕೇಳೋ ಸಾಹೇಬರು ಫೈಲಿನಿಂದ ತಲೆ ಎತ್ತದೆ ಕೇಳಿದರು.

"ಬಿಲ್ ಹಾಕಿದ ಮೇಲೆ ಸರ್."

"ಮತ್ತೆ?"

ಆ ‘ಮತ್ತೆ’ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. 2023ರ ಡಿಸೆಂಬರ್‌ನಲ್ಲಿ ಒಂದು ಸರ್ಕಾರಿ ಇಲಾಖೆಗೆ ಕಬ್ಬಿಣದ ಡೆಸ್ಕು ಬೆಂಚು ಮಾಡಿಕೊಟ್ಟು ಬಿಲ್ ಹಾಕಿದೆ. ಜನವರಿ 20ರೊಳಗೆ ಜಿಎಸ್‌ಟಿ ಕಟ್ಟಬೇಕು, ಇನ್‌ಪುಟ್ ಕ್ರೆಡಿಟ್ (ಸಾಮಾನು ಕೊಳ್ಳುವಾಗ ಆಗಲೇ ಕೊಟ್ಟ ಟ್ಯಾಕ್ಸು) ಕಳೆದು ಕೈಯಿಂದ 46,000. ಇಲಾಖೆಯ ದುಡ್ಡು ಬಂದಿದ್ದು ಮಾರ್ಚ್ 28ಕ್ಕೆ. ವರ್ಷದ ಲೆಕ್ಕ ಮುಗಿಯೋ ಹೊತ್ತಿಗೆ ಎಲ್ಲಾ ಬಿಲ್ಲುಗಳೂ ದಡಬಡ ಪಾಸಾಗುತ್ತವಲ್ಲ, ಆವಾಗ. ಅದೇ ರಾತ್ರಿ ಕಟ್ಟಿದೆ. 68 ದಿನ ತಡ. ಶೇ 18ರ ಲೆಕ್ಕದಲ್ಲಿ ಬಡ್ಡಿ 1,543. ರಿಟರ್ನ್ ತಡವಾಗಿದ್ದಕ್ಕೆ ಲೇಟ್ ಫೀ ದಿನಕ್ಕೆ 50ರಂತೆ ಏರಿ, ನಮ್ಮಂಥ ಸಣ್ಣವರಿಗೆ ಇರೋ 2,000ದ ಮಿತಿಗೆ ಬಂದು ನಿಂತಿತು. (ಒಂದು ರಿಟರ್ನ್ ನಿಂತರೆ ಮುಂದಿನದನ್ನೂ ಹಾಕೋಕೆ ಬಿಡಲ್ಲ, ಜನವರಿ, ಫೆಬ್ರವರಿಯದ್ದೂ ತಡ ಆಯ್ತು. ಅದು ಬೇರೆ ಗೋಳು.)

ಮುಗೀತು ಅಂದುಕೊಂಡಿದ್ದೆ. ವರ್ಷ ಕಳೆದ ಮೇಲೆ ದಂಡದ ಆದೇಶ: ತೆರಿಗೆಯ ಶೇ 10 ಅಥವಾ 10,000, ಯಾವುದು ಜಾಸ್ತಿಯೋ ಅದು. ಕೇಂದ್ರದ ಲೆಕ್ಕಕ್ಕೊಂದು ಹತ್ತು ಸಾವಿರ, ರಾಜ್ಯದ ಲೆಕ್ಕಕ್ಕೊಂದು. ನೋಟಿಸು, ಆದೇಶ ಎರಡೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರೂ ತೆಗೆಯದ ಟ್ಯಾಬಿನೊಳಗೆ ಸುಮ್ನೆ ಕೂತಿದ್ದವು. ಆಡಿಟರ್ ಆಫೀಸಿನ ಹುಡುಗ ಅಕಸ್ಮಾತ್ ನೋಡಿದಾಗ ಅಪೀಲಿಗೆ ಇದ್ದ ಮೂರು ತಿಂಗಳಲ್ಲಿ ಉಳಿದಿದ್ದು ಹನ್ನೆರಡೇ ದಿನ.

ನಮ್ಮ ಆಡಿಟರ್ ಬುದ್ಧಿವಂತ, ಮಾತು ಮಾತ್ರ ಜಾಸ್ತಿ. ನೋಟಿಸಿಗೆ ಮೊದಲೇ ಬಡ್ಡಿ ಸಮೇತ ಕಟ್ಟಿದ್ದರೆ ಜಿಎಸ್‌ಟಿ ಕಾಯ್ದೆಯ 73(11)ನೇ ಕಲಮಿನ ಈ ದಂಡ ಹಾಕುವಂತಿಲ್ಲ ಅಂತ ತೆರಿಗೆ ಮಂಡಳಿಯ 2018ರ ಡಿಸೆಂಬರ್ 31ರ 76ನೇ ಸುತ್ತೋಲೆಯೇ ಹೇಳುತ್ತದಂತೆ. ಅದನ್ನೇ ಹಿಡಿದು ಅಪೀಲು ಬರೆದರು. ತಡಕ್ಕೆ ಕಾರಣ ‘ತಾತ್ಕಾಲಿಕ ಆರ್ಥಿಕ ಮುಗ್ಗಟ್ಟು’ ಅಂತ ಹಾಕಿದರು. ನಿಜ ಹೇಳಬೇಕೆಂದರೆ ಆ ಜನವರಿಯಲ್ಲಿ ಖಾತೆಯಲ್ಲಿ ಐವತ್ತು ಸಾವಿರ ಇತ್ತು. ಸಂಕ್ರಾಂತಿ ಎದುರಿಗಿತ್ತು, ವೆಲ್ಡರ್‌ಗಳ ಎರಡು ವಾರದ ಬಟವಾಡೆ ಬಾಕಿ ಇತ್ತು. ಅವರಿಗೆ ಕೊಟ್ಟೆ. ಇದನ್ನು ಅಪೀಲಿನಲ್ಲಿ ಬರೆಯೋಕಾಗಲ್ಲ, ಅಲ್ವಾ?

ಸುತ್ತೋಲೆಯ ಪುಟ ನೋಡಿದ ಸಾಹೇಬರು ಆಮೇಲೆ ಕೇಳಿದರು, "ಗಿರಾಕಿ ಯಾರು?"

"ಸರ್ಕಾರಾನೇ ಸರ್."

ಟೈಪ್ ಮಾಡ್ತಿದ್ದ ಹೆಣ್ಣುಮಗಳು ಪಕ್ಕನೆ ನಕ್ಕಳು. ಸಾಹೇಬರು ನಗಲಿಲ್ಲ. ಪೆನ್ನಿನಲ್ಲಿ ಏನೋ ಒಂದು ಸಾಲು ಗೀಚಿ, "ಆರ್ಡರ್ ಅಪ್‌ಲೋಡ್ ಆಗುತ್ತೆ, ನೋಡ್ಕೊಳ್ಳಿ" ಅಂದರು.

ಗೆದ್ದವನ ಹಾಗೆ ಮೆಟ್ಟಿಲಿಳಿದೆ. ಸಿಕ್ಕವರಿಗೆಲ್ಲ ಈ ಕಥೆ ಹೇಳಿದೆ, ಎಲ್ಲರೂ ನಕ್ಕರು. ನಾನು ತಡ ಮಾಡಿದರೆ ಬಡ್ಡಿ, ಫೀ, ದಂಡ. ಅವರು ತಡ ಮಾಡಿದರೆ ‘ಮಾರ್ಚ್‌ಗೆ ಬನ್ನಿ’. ಸಣ್ಣ ಉದ್ಯಮದವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ಇಲ್ಲದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಅಂತ 2006ರ ಕಾಯ್ದೆ ಇದೆ. ಇದೆ, ಆದರೆ ಕೇಳೋರು ಯಾರು? ದೂರು ಕೊಟ್ಟ ಮರುದಿನ ಮುಂದಿನ ಆರ್ಡರು ಪಕ್ಕದ ಶೆಡ್ಡಿನವನಿಗೆ ಹೋಗಿರುತ್ತದೆ.

ಬುಧವಾರ ಪೇಂಟ್ ಅಂಗಡಿ ಕಾಕಾಗೂ ಇದನ್ನೇ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕರು. ನಕ್ಕು ಮುಗಿಸಿ, ಕನ್ನಡಕ ಒರೆಸಿಕೊಂಡು, ಉದ್ದನೆಯ ವಹಿ ಎಳೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ತಮ್ಮಾ, ನಿಂದು ನಾಕು ತಿಂಗಳದ್ದು ಹಂಗ ಐತಲ್ಲೋ."

31,400. ಆ ಬಿಲ್ಲಿನ ಟ್ಯಾಕ್ಸನ್ನು ಕಾಕಾ ಯಾವತ್ತೋ ಕಟ್ಟಿದ್ದಾರೆ, ನನ್ನ ದುಡ್ಡಿಗೆ ಕಾಯದೆ. ಅವರು ಕಟ್ಟಿದ್ದರ ಮೇಲೆ ನಾನು ಕ್ರೆಡಿಟ್ಟೂ ತಗೊಂಡಿದ್ದೀನಿ. ಒಂದು ದಿನವೂ ಬಡ್ಡಿಯ ಮಾತೆತ್ತಿದವರಲ್ಲ, ಅದಕ್ಕೇ ಅಲ್ವಾ ಅವರ ಬಿಲ್ ಯಾವಾಗಲೂ ಕೊನೆಗೆ ಉಳಿಯೋದು. ‘ಮತ್ತೆ?’ ಅಂತ ಕಾಕಾ ಕೇಳಲಿಲ್ಲ. ಚಹಾ ತರಿಸಿದರು.

ನಿನ್ನೆ ಅರ್ಧ ಕಳಿಸಿದೆ. ಉಳಿದರ್ಧ 20ನೇ ತಾರೀಕು ದಾಟಿದ ಮೇಲೆ ಅಂದಿದ್ದೀನಿ. ಆ ಟ್ಯಾಬನ್ನು ಈಗ ದಿನಾ ತೆಗೆದು ನೋಡ್ತೀನಿ. ಆರ್ಡರ್ ಇನ್ನೂ ಬಂದಿಲ್ಲ.